ಬಳ್ಳಾರಿ ಬಿಸಿಲು, ಜೀನ್ಸ್ ಬಟ್ಟೆಯ ಧೂಳು: ಹೈಪರ್ 212 ಇವೋ ಕೂಲರ್ ಹೇಗಿದೆ?

ಬಳ್ಳಾರಿಯಲ್ಲಿ ನಮ್ಮದೊಂದು ಚಿಕ್ಕ ಜೀನ್ಸ್ ಹೊಲಿಗೆ ಯೂನಿಟ್. ಪ್ಯಾಟರ್ನ್, ಬಿಲ್ಲು, ಜಿಎಸ್‌ಟಿ ಲೆಕ್ಕ ಎಲ್ಲಾ ಒಂದೇ ಹಳೆಯ ಡೆಸ್ಕ್‌ಟಾಪ್‌ನಲ್ಲಿ ನಡೆಯುತ್ತದೆ. ಅದಕ್ಕೆ ಕೂಲರ್ ಮಾಸ್ಟರ್ ಕಂಪನಿಯ ಹೈಪರ್ 212 ಇವೋ, ಅಂದರೆ ಕಂಪ್ಯೂಟರ್ ಒಳಗಿನ ಪ್ರೊಸೆಸರ್ ಚಿಪ್ ತಂಪಾಗಿಡುವ ಕೂಲರ್, ಹಾಕಿಸಿ ಇದು ಮೂರನೇ ಬೇಸಿಗೆ. ಇದು ಚೆನ್ನಾಗಿ ತಂಪಾಗಿಡುತ್ತದೆ, ನಿಜ. ಆದರೆ ನಮ್ಮಂಥ ಧೂಳಿನ ಜಾಗಕ್ಕೆ ಇದರ ನಿಜವಾದ ಗುಣ ಬೇರೆ: ಬಿಚ್ಚಿ ಕ್ಲೀನ್ ಮಾಡುವುದು ತುಂಬಾ ಸುಲಭ.

ಮೊದಲು ತೊಂದರೆ ಏನಿತ್ತು ಅಂತ ಹೇಳುತ್ತೇನೆ. ಏಪ್ರಿಲ್ ಬಂತೆಂದರೆ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಪ್ಯಾಟರ್ನ್ ಫೈಲ್ ತೆರೆದು ಕೆಲಸ ಮಾಡುತ್ತಿದ್ದ ಹಾಗೆ ಪರದೆ ಕಪ್ಪಾಗಿ ಕಂಪ್ಯೂಟರ್ ಮಲಗಿಬಿಡುತ್ತಿತ್ತು. ಕೀಬೋರ್ಡ್ ಒತ್ತಿದರೂ ಏಳುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದರೆ ಏನೂ ಆಗಿಲ್ಲ ಅನ್ನುವ ಹಾಗೆ ನಡೆಯುತ್ತಿತ್ತು. ರಿಪೇರಿಯವರು ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಪೆಟ್ಟಿಗೆ) ಹೋಗಿದೆ ಅಂದರು, ಬದಲಾಯಿಸಿದ್ದೂ ಆಯಿತು. ಅದೇ ಕಥೆ.

ನಿಮ್ಮಲ್ಲೂ ಹೀಗಾಗುತ್ತಿದ್ದರೆ ದುಡ್ಡು ಖರ್ಚು ಮಾಡುವ ಮೊದಲು ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು, ಸಿಸ್ಟಂ ಲಾಗ್‌ನಲ್ಲಿ 'ಕರ್ನಲ್ ಪವರ್' ಸಾಲುಗಳನ್ನು ನೋಡಿ. ಸಾಲಿನ ಈವೆಂಟ್ ಐಡಿ ನಂಬರ್ 42 ಅಂದರೆ ಕಂಪ್ಯೂಟರ್ ನಿದ್ದೆಗೆ ಹೋಗಿದೆ, ಕಾರಣವೂ ಅಲ್ಲೇ ಇರುತ್ತದೆ. ಕಾರಣ 'ಸಿಸ್ಟಂ ಐಡಲ್' ಅಂತಿದ್ದರೆ ಅದು ಬಿಸಿಯಿಂದಲ್ಲ, ಪವರ್ ಸೆಟ್ಟಿಂಗ್‌ನಿಂದ. ಅದನ್ನು ಬದಲಿಸಿದರೆ ಸಾಕು, ಕೂಲರ್ ಬೇಡ. 86 ಇದ್ದರೆ ಬಿಸಿ ಮಿತಿ ಮೀರಿ ವಿಂಡೋಸ್ ತಾನೇ ಆಫ್ ಮಾಡಿದೆ ಅಂತ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಾಗ ಬರುವ 41 ಒಂದನ್ನೇ ನಂಬಬೇಡಿ. ಕರೆಂಟ್ ಹೋದರೂ ಅದೇ ನಂಬರ್ ಬರುತ್ತದೆ, ನಮ್ಮೂರಿನಲ್ಲಿ ಅದೇನು ಅಪರೂಪವೇ?

ನನ್ನ ಲಾಗ್‌ನಲ್ಲಿ 86 ಸಿಕ್ಕಿತು. ಆಮೇಲೆ ಬಿಸಿ ಎಷ್ಟಿದೆ ಅಂತ ತೋರಿಸುವ ಎಚ್‌ಡಬ್ಲ್ಯುಇನ್ಫೋ ಸಾಫ್ಟ್‌ವೇರ್ ಹಾಕಿ ನೋಡಿದರೆ, ಕೆಲಸದ ಹೊತ್ತಿಗೆ ಪ್ರೊಸೆಸರ್ ನೂರು ಡಿಗ್ರಿ ಹತ್ತಿರ. ಹಳೆಯ ಕೂಲರ್‌ನ ಫ್ಯಾನ್ ತೆಗೆದಾಗ ಅರ್ಥವಾಯಿತು. ಆ ಚಪ್ಪಟೆ ಕೂಲರ್‌ನಲ್ಲಿ ಫ್ಯಾನ್ ಮೇಲೆ, ಲೋಹದ ರೆಕ್ಕೆಗಳು ಕೆಳಗೆ. ಇವೆರಡರ ನಡುವೆ ಬಟ್ಟೆಯ ನವಿರು ಕೂತು ಕಂಬಳಿಯ ಹಾಗೆ ಗಟ್ಟಿಯಾಗಿತ್ತು. ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ಗಾಳಿ ಒಳಗೆ ಹೋಗುವ ದಾರಿಯೇ ಇಲ್ಲ. ಮೇಲಿನಿಂದ ನೋಡಿದರೆ ಇದು ಕಾಣುವುದೂ ಇಲ್ಲ.

ಅದನ್ನೇ ಕ್ಲೀನ್ ಮಾಡಿ, ಹೊಸ ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಲೇಪ) ಹಚ್ಚಿದಾಗಲೇ ಮಲಗುವ ಕಾಟ ನಿಂತಿತು. ಇದನ್ನು ಒತ್ತಿ ಹೇಳುತ್ತೇನೆ: ಧೂಳು ಕಡಿಮೆ ಇರುವ ಮನೆಯಾದರೆ ಅಷ್ಟೇ ಸಾಕು. ನಮಗೆ ಸಾಲಲಿಲ್ಲ. ಕೆಲವೇ ವಾರಗಳಲ್ಲಿ ಮತ್ತೆ ನವಿರು ತುಂಬುತ್ತಿತ್ತು, ಪ್ರತಿ ಸಲ ಹಳೆಯ ಕೂಲರ್ ಹಿಡಿದಿಡುವ ಪ್ಲಾಸ್ಟಿಕ್ ಪಿನ್‌ಗಳನ್ನು ತಿರುಗಿಸಿ ಒತ್ತಿ ಕೂರಿಸುವುದು ದೊಡ್ಡ ಕಿರಿಕಿರಿ.

ಹೈಪರ್ 212 ಇವೋ ಟವರ್ ಥರ ನಿಲ್ಲುತ್ತದೆ. ಪ್ರೊಸೆಸರ್ ಮೇಲೆ ಕೂತ ನಾಲ್ಕು ಹೀಟ್‌ಪೈಪ್‌ಗಳು ಬಿಸಿಯನ್ನು ಮೇಲಿನ ರೆಕ್ಕೆಗಳಿಗೆ ಒಯ್ಯುತ್ತವೆ. ಪಕ್ಕದಲ್ಲಿ 120 ಎಂಎಂ ಫ್ಯಾನ್. ಆ ಫ್ಯಾನ್ ಬರೀ ಕ್ಲಿಪ್ ಮೇಲೆ ನಿಂತಿದೆ. ಸೈಡ್ ಬಾಗಿಲು ತೆಗೆದು, ಫ್ಯಾನ್ ಕಳಚಿದರೆ ರೆಕ್ಕೆಗಳು ಪೂರ್ತಿ ಕಣ್ಣೆದುರು. ಪೇಂಟ್ ಬ್ರಶ್‌ನಿಂದ ಗುಡಿಸಿ, ಬ್ಲೋವರ್ ಹಿಡಿದರೆ ಮುಗಿಯಿತು. ಪೇಸ್ಟ್ ಮುಟ್ಟುವ ಅಗತ್ಯವೇ ಇಲ್ಲ. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿಂದ ಹಿಡಿದಿರಿ, ಸುಮ್ನೆ ಗಿರ‍್ರನೆ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ. ಯೂನಿಟ್‌ನ ಹುಡುಗರೇ ಈಗ ತಿಂಗಳಿಗೊಮ್ಮೆ ಮಾಡುತ್ತಾರೆ.

ಈಗ ಮೇ ತಿಂಗಳ ಮಧ್ಯಾಹ್ನ, ಎಸಿ ಇಲ್ಲದ ರೂಮಿನಲ್ಲಿ, ಪೂರ್ತಿ ಕೆಲಸದ ಹೊತ್ತಿಗೂ 70 ಡಿಗ್ರಿ ಆಸುಪಾಸು. ಚಳಿಗಾಲದಲ್ಲಿ ಇನ್ನೂ ಕಡಿಮೆ. ಸದ್ದು ಕೂಡ ಹಳೆಯದಕ್ಕಿಂತ ಮೆತ್ತಗೆ. ಅಂದಿನಿಂದ ಇಂದಿನವರೆಗೆ ಒಮ್ಮೆಯೂ 86 ಬಂದಿಲ್ಲ.

ಕೊಳ್ಳುವ ಮೊದಲು ಕ್ಯಾಬಿನೆಟ್ ಅಗಲ ಅಳೆಯಿರಿ. ಈ ಕೂಲರ್ ಎತ್ತರ 159 ಎಂಎಂ, ಸಪೂರ ಕ್ಯಾಬಿನೆಟ್‌ನಲ್ಲಿ ಬಾಗಿಲು ಮುಚ್ಚುವುದಿಲ್ಲ. ಮದರ್‌ಬೋರ್ಡ್ ಹಿಂದೆ ಪಟ್ಟಿ ಕೂರಿಸಬೇಕು, ಹಾಗಾಗಿ ಹಳೆಯ ಕ್ಯಾಬಿನೆಟ್‌ಗಳಲ್ಲಿ ಬೋರ್ಡ್ ಪೂರ್ತಿ ಹೊರತೆಗೆಯಬೇಕಾಗುತ್ತದೆ. ಅಭ್ಯಾಸವಿಲ್ಲದಿದ್ದರೆ ಬಲ್ಲವರ ಕೈಯಲ್ಲೇ ಹಾಕಿಸಿ. ಎತ್ತರದ ರ‍್ಯಾಮ್ ಇದ್ದರೆ ಮೊದಲ ಸ್ಲಾಟ್‌ಗೆ ಫ್ಯಾನ್ ತಾಗಬಹುದು. ಇತ್ತೀಚಿನ ಪ್ರೊಸೆಸರ್ ಇದ್ದವರು, ತಮ್ಮ ಸಾಕೆಟ್‌ನ (ಮದರ್‌ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) ಹೆಸರು ಕೂಲರ್ ಡಬ್ಬಿಯ ಮೇಲೆ ಇದೆಯಾ ಅಂತ ನೋಡಿಯೇ ತೆಗೆದುಕೊಳ್ಳಿ. ಮತ್ತೆ ಇದು ಅರ್ಧ ಕೆಜಿಗಿಂತ ಜಾಸ್ತಿ ತೂಗುತ್ತದೆ. ಕ್ಯಾಬಿನೆಟ್ಟನ್ನು ಆಟೋದಲ್ಲೋ ಬಸ್ಸಿನಲ್ಲೋ ಸಾಗಿಸುವಾಗ ನಿಲ್ಲಿಸಬೇಡಿ, ಕೂಲರ್ ನೇರ ಮೇಲಕ್ಕೆ ಬರುವಂತೆ ಮಲಗಿಸಿ.