ಫುಟ್‌ಬಾಲ್ ಲಿಲ್ಲಿಯೋ, ಅಮರಿಲ್ಲಿಸ್ಸೋ?

ವಸಂತದ ಕೊನೆಗೆ ಅರಳುವ ಗಡ್ಡೆ ಹೂಗಳಲ್ಲಿ ಮೂರನ್ನು ಪಕ್ಕಪಕ್ಕದ ಕುಂಡಗಳಲ್ಲಿ ಬೆಳೆಸಿ ನೋಡಿದೆ: ಕೆಂಪು ಚೆಂಡಿನ ಹಾಗೆ ದುಂಡಗೆ ಅರಳುವ ಫುಟ್‌ಬಾಲ್ ಲಿಲ್ಲಿ, ಅಮರಿಲ್ಲಿಸ್, ರೇನ್ ಲಿಲ್ಲಿ. ಗೆದ್ದದ್ದು ಫುಟ್‌ಬಾಲ್ ಲಿಲ್ಲಿ, ಅದೂ ಆರಾಮಾಗಿ.

ಅಂದದಲ್ಲಿ ಅಮರಿಲ್ಲಿಸ್ಸೇ ಮುಂದು, ಇಲ್ಲ ಅನ್ನೋಲ್ಲ. ಅಂಗೈ ಅಗಲದ ಹೂ, ದಂಟಿಗೆ ಎರಡರಿಂದ ಆರು. ದುಬಾರಿ ಹೈಬ್ರಿಡ್ ಗಡ್ಡೆಗಳನ್ನೇ ಕೊಂಡಿದ್ದೆ. ಅವುಗಳಲ್ಲಿ ಮುಕ್ಕಾಲು ಪಾಲು ಲಿಲ್ಲಿ ಹುಳುವಿನ ಪಾಲಾದವು.

ಈ ಹುಳುವಿನ ಕಾಟ ಅನುಭವಿಸಿದವರಿಗೇ ಗೊತ್ತು. ಕಪ್ಪು ಮೈ, ಮೇಲೆಲ್ಲ ಬಿಳಿ ಚುಕ್ಕಿ. ಇದರ ತಾಯಿ ಪತಂಗ ಎಲೆಯ ಮೇಲೆ ಗುಂಪಾಗಿ ಮೊಟ್ಟೆ ಇಡುತ್ತದೆ. ಮರಿಗಳು ಮೊದಲು ಎಲೆಯ ಒಳಗೇ ಸೇರಿ ತಿನ್ನುತ್ತವೆ. ಹೊರಗಿನಿಂದ ನೋಡಿದರೆ ಎಲೆ ಸ್ವಲ್ಪ ಮಂಕಾಗಿದೆ, ಅಷ್ಟೇ. ನೀರು ಕಮ್ಮಿಯಾಯ್ತೇನೋ ಅಂದುಕೊಳ್ಳುವಷ್ಟರಲ್ಲಿ ಎಲೆಯೇ ಇರುವುದಿಲ್ಲ. ಆಮೇಲೆ ಅವು ಗಡ್ಡೆಗೆ ಇಳಿಯುತ್ತವೆ, ಗಡ್ಡೆ ಕೊಳೆತು ನಾರುತ್ತದೆ.

ತಮಾಷೆ ನೋಡಿ, ಈ ಗಡ್ಡೆಗಳಲ್ಲಿ ಲೈಕೋರಿನ್ ಅನ್ನುವ ವಿಷವಿದೆ. ನಾಯಿ, ಬೆಕ್ಕು ತಿಂದರೆ ವಾಂತಿ ಮಾಡಿಕೊಳ್ಳುತ್ತವೆ. ಹುಳುವಿಗೆ ಮಾತ್ರ ಅದೇ ಹಬ್ಬದೂಟ! ಬೇವಿನೆಣ್ಣೆ ಸಿಂಪಡಿಸಿದೆ, ಎಲೆಯೊಳಗೆ ಕೂತವಕ್ಕೆ ತಗುಲಲೇ ಇಲ್ಲ. ಕೊನೆಗೆ ರಾತ್ರಿ ಟಾರ್ಚ್ ಹಿಡಿದು ಕೈಯಲ್ಲೇ ಆರಿಸಬೇಕಾಯಿತು. ಉಳಿದ ಗಡ್ಡೆಗಳೂ ಮರುವರ್ಷ ಹೂ ಕೊಡಲಿಲ್ಲ. ಕೊಡುವುದಾದರೂ ಹೇಗೆ? ಮುಂದಿನ ಹೂವಿಗೆ ಗಡ್ಡೆಯಲ್ಲಿ ಆಹಾರ ತುಂಬುವುದು ಎಲೆಗಳೇ ಅಲ್ವಾ.

ಫುಟ್‌ಬಾಲ್ ಲಿಲ್ಲಿಯೂ ಅಮರಿಲ್ಲಿಸ್‌ನ ಕುಟುಂಬದ್ದೇ, ಹಾಗಾಗಿ ಅದಕ್ಕೆ ಹುಳು ಬರುವುದೇ ಇಲ್ಲ ಅನ್ನಲಾರೆ. ಆದರೆ ಒಣ ತಿಂಗಳುಗಳಲ್ಲಿ ಅದು ಎಲೆ ಉದುರಿಸಿ ಮಣ್ಣೊಳಗೆ ಮಲಗಿರುತ್ತದೆ. ಎದ್ದ ಮೇಲೂ ಸಾಮಾನ್ಯವಾಗಿ ಮೊದಲು ಬರುವುದು ಹೂವಿನ ದಂಟು, ಎಲೆ ಬಿಚ್ಚಿಕೊಳ್ಳುವುದು ನಿಧಾನ. ಹುಳು ಬರುವ ಹೊತ್ತಿಗೆ ನನ್ನ ಹೂ ಆಗಿಹೋಗಿರುತ್ತದೆ. ಒಂದೊಂದು ಚೆಂಡಿನಲ್ಲಿ 200ರವರೆಗೂ ಪುಟ್ಟ ಕೆಂಪು ಹೂಗಳು. ಗಡ್ಡೆಗೆ ಒಂದೇ ಚೆಂಡು, ವರ್ಷಕ್ಕೆ ಒಂದೇ ಸಲ. ಅದೊಂದು ಕೊರತೆ.

ರೇನ್ ಲಿಲ್ಲಿ ಮಳೆ ಬಿದ್ದರೆ ಅರಳುತ್ತದೆ, ಒಂದೆರಡು ದಿನಕ್ಕೆ ಬಾಡುತ್ತದೆ. ಬದುವಿಗೆ ಚೆಂದ, ಅಷ್ಟೇ.

ನಾನು ಊರೂರು ಸುತ್ತುವವಳು. ಮಲಗಿರುವಾಗ ನೀರು ಹಾಕಿದರೆ ಕೊಳೆಯುವ, ಹಾಕದಿದ್ದರೆ ಸುಮ್ನೆ ಇರುವ ಫುಟ್‌ಬಾಲ್ ಲಿಲ್ಲಿ ನನಗೆ ಹೇಳಿ ಮಾಡಿಸಿದ್ದು. ಮರಿಗಡ್ಡೆಗಳೂ ತಾವಾಗಿ ಆಗುತ್ತವೆ, ಮತ್ತೆ ದುಡ್ಡು ಸುರಿಯಬೇಕಿಲ್ಲ. ದಿನಾ ಎಲೆ ತಿರುವಿ ನೋಡುವ ತಾಳ್ಮೆ ಇದ್ದರೆ ನೀವು ಅಮರಿಲ್ಲಿಸ್ ತಗೊಳ್ಳಿ. ಮೊದಲು ಒಂದೇ ಗಡ್ಡೆ ಸಾಕು.