ವಾಲಾಂಡರಾ, ವಾರ್ಗಾ? ಮಲಗುವ ಮುಂಚೆ ಓದಿದ ಎರಡು ಸ್ವೀಡನ್ ಪತ್ತೇದಾರಿಗಳು

ಸ್ವೀಡನ್ನಿನ ಪತ್ತೇದಾರಿ ಕಥೆ ಅಂದ್ರೆ ಹಿಮ, ಹೆಣ, ಕತ್ತಲೆ ಎಂದೇ ನಾನು ಅಂದುಕೊಂಡಿದ್ದೆ. ಹೆನ್ನಿಂಗ್ ಮಾಂಕೆಲ್ ಬರೆದ ಮೊದಲ ವಾಲಾಂಡರ್ ಕಾದಂಬರಿ (1991) ಮುಗಿಸಿ, ಅದರ ಬೆನ್ನಿಗೇ ಅಲೆಕ್ಸಾಂಡರ್ ಮೆಕಾಲ್ ಸ್ಮಿತ್ ಅವರ ಉಲ್ಫ್ ವಾರ್ಗ್ ಸರಣಿಯ ಮೊದಲ ಪುಸ್ತಕ (2019) ಹಿಡಿದೆ. ಎರಡನ್ನೂ ಓದಿದ್ದು ರಾತ್ರಿ, ಮಲಗುವ ಮುಂಚೆ. ಎರಡೂ ಕಥೆ ನಡೆಯುವುದು ದಕ್ಷಿಣದ ಸ್ಕೋನೆ ಸೀಮೆಯಲ್ಲಿ. ಇಬ್ಬರೂ ಪೊಲೀಸ್ ಪತ್ತೇದಾರರು. ವಾಲಾಂಡರ್ ಇಸ್ತಾದ್ ಊರಿನವನು, ವಾರ್ಗ್ ಮಾಲ್ಮೋ ಊರಿನವನು. ಮಧ್ಯೆ ಸುಮಾರು 60 ಕಿಲೋಮೀಟರ್ ಅಷ್ಟೆ.

ವಾಲಾಂಡರ್ ಕಥೆಯಲ್ಲಿ ಹಳ್ಳಿಯ ವೃದ್ಧ ರೈತ ದಂಪತಿಯ ಕೊಲೆ. ಸಾಯುವ ಮುಂಚೆ ಅಜ್ಜಿ ಹೇಳುವುದು ಒಂದೇ ಪದ: ‘ವಿದೇಶಿ’. ಅದು ಹೊರಗೆ ಗೊತ್ತಾಗಿ, ವಲಸೆ ಬಂದವರ ಮೇಲೆ ದ್ವೇಷ ಹೊತ್ತಿಕೊಳ್ಳುತ್ತದೆ. ತುಂಬಾ ಗಟ್ಟಿ ಪುಸ್ತಕ. ಆದರೆ ದೀಪ ಆರಿಸಿದ ಮೇಲೂ ಆ ರೈತರ ಮನೆ, ಅವರ ಕುದುರೆ ಲಾಯ ಕಣ್ಣ ಮುಂದೆ ಬರುತ್ತಿತ್ತು.

ವಾರ್ಗ್ ಕೆಲಸ ಮಾಡುವುದು ‘ಸೂಕ್ಷ್ಮ ಅಪರಾಧಗಳ ವಿಭಾಗ’ದಲ್ಲಿ. ಸಂತೆಯ ಅಂಗಡಿಯವನೊಬ್ಬನ ಮೊಣಕಾಲಿನ ಹಿಂಬದಿಗೆ ಯಾರೋ ಚುಚ್ಚಿದ್ದಾರೆ. ಎದೆಗಲ್ಲ, ಬೆನ್ನಿಗಲ್ಲ, ಮೊಣಕಾಲಿನ ಹಿಂದೆ! ಯಾಕೆ ಅಲ್ಲಿಗೇ? ಈ ಚಿಕ್ಕ ಪ್ರಶ್ನೆಯನ್ನು ವಾರ್ಗ್ ಪೂರ್ತಿ ಗೌರವದಿಂದ ತೆಗೆದುಕೊಳ್ಳುತ್ತಾನೆ. ಇನ್ನೊಂದು ಕೇಸಿನಲ್ಲಿ ಒಬ್ಬ ಹುಡುಗಿ ಗೆಳತಿಯರ ಮುಂದೆ ಇಲ್ಲದ ಬಾಯ್‌ಫ್ರೆಂಡನ್ನು ಇದ್ದಾನೆ ಅಂದಿರುತ್ತಾಳೆ. ಆಮೇಲೆ ಅವನು ‘ಕಾಣೆಯಾಗುತ್ತಾನೆ’. ಮೊಣಕಾಲಿನ ಕಥೆಯನ್ನು ಅಮ್ಮನಿಗೆ ಹೇಳಿದೆ. ಅವರು ಮೊದಲು ಕೇಳಿದ್ದು ಗಾಯದ ಬಗ್ಗೆ ಅಲ್ಲ. “ಪಾಪ, ಚುಚ್ಚಿದವನಿಗೆ ಅದೆಷ್ಟು ಹೊಟ್ಟೆ ಉರಿದಿತ್ತೋ” ಅಂದರು. ಪುಸ್ತಕ ಹಿಡಿಯುವ ದಾರಿಯೂ ಅದೇ. ನನಗೆ ಅದು ತುಂಬಾ ಹಿಡಿಸಿತು.

ಊರಿನ ವಿಷಯಕ್ಕೆ ಬಂದರೆ ಮಾಂಕೆಲ್ ಮುಂದೆ. ಅವರು ಸ್ವೀಡನ್ನಿನವರೇ. ಜನವರಿಯ ಗಾಳಿ ಪುಟದಿಂದಲೇ ಬೀಸುತ್ತದೆ. ಮೆಕಾಲ್ ಸ್ಮಿತ್ ಇರುವುದು ಸ್ಕಾಟ್ಲೆಂಡ್‌ನಲ್ಲಿ. ಅವರ ಮಾಲ್ಮೋ ಸ್ವಲ್ಪ ಜಾಸ್ತಿಯೇ ಒಳ್ಳೆಯ ಊರು. ಮಾತುಕತೆಯೂ ಕೆಲವು ಕಡೆ ಎಲ್ಲೆಲ್ಲಿಗೋ ಹೋಗುತ್ತದೆ. ಆದರೆ ವಾರ್ಗ್‌ನ ನಾಯಿ ಇದೆಯಲ್ಲ, ಕಿವಿ ಕೇಳದ ನಾಯಿ, ತುಟಿ ನೋಡಿ ಮಾತು ತಿಳಿದುಕೊಳ್ಳುತ್ತದೆ. ಅದು ಬಂದ ಪುಟಗಳನ್ನು ನಾನು ಎರಡೆರಡು ಸಲ ಓದಿದೆ. ವಾಲಾಂಡರ್ ಕಡೆ ಅವನಪ್ಪ ಇದ್ದಾರೆ. ವರ್ಷಗಟ್ಟಲೆ ಅದೇ ಒಂದು ಚಿತ್ರ ಬಿಡಿಸುತ್ತಾರೆ, ಕೆಲವದರಲ್ಲಿ ಒಂದು ಕಾಡುಕೋಳಿ ಇರುತ್ತದೆ, ಕೆಲವದರಲ್ಲಿ ಇಲ್ಲ. ಮಗನಿಗೆ ಅಪ್ಪನ ಹತ್ತಿರ ಮನಸ್ಸು ಬಿಚ್ಚಲು ಆಗುವುದಿಲ್ಲ. ಅಲ್ಲಿ ನನಗೆ ನಿಜಕ್ಕೂ ಸಂಕಟವಾಯಿತು.

ಮಕ್ಕಳ ಜೊತೆ ಓದಬೇಕಾದರೆ ಎರಡೂ ಬೇಡ. ಆಸ್ಟ್ರಿಡ್ ಲಿಂಡ್‌ಗ್ರೆನ್ ಬರೆದ ಬಾಲ ಪತ್ತೇದಾರಿ ಕಾಲೆ ಬ್ಲೂಮ್‌ಕ್ವಿಸ್ಟ್ (1946) ತೆಗೆದುಕೊಳ್ಳಿ. ಆ ಸರಣಿಯ ಎರಡನೆಯ ಪುಸ್ತಕದಲ್ಲಿ ಒಂದು ಕೊಲೆ ಇದೆ, ಅದಕ್ಕೆ ಮೊದಲನೆಯದರಿಂದಲೇ ಶುರು ಮಾಡಿ.

ನನ್ನ ಮಟ್ಟಿಗೆ ರಾತ್ರಿ ಓದಿಗೆ ವಾರ್ಗ್. ಅವನ ಎರಡನೆಯ ಪುಸ್ತಕ ಈಗ ದಿಂಬಿನ ಪಕ್ಕದಲ್ಲಿದೆ. ವಾಲಾಂಡರನ್ನು ಭಾನುವಾರ ಮಧ್ಯಾಹ್ನಕ್ಕೆ ಇಟ್ಟುಕೊಂಡಿದ್ದೇನೆ, ಮನೆಯಲ್ಲಿ ಎಲ್ಲರೂ ಎದ್ದಿರುವ ಹೊತ್ತಿಗೆ.