ಪತ್ತನಾಜೆ ಕಳೆದ ಮೇಲೆ: ಆ್ಯಪ್, ಡೈರಿ, ಗೋಡೆ ಕ್ಯಾಲೆಂಡರ್

ಮಳೆಗಾಲದಲ್ಲಿ ಮದ್ದಳೆಯ ಅಭ್ಯಾಸ ತಪ್ಪದಂತೆ ನೋಡಿಕೊಳ್ಳಲು ಈ ಮೂರನ್ನೂ ಬಳಸಿ ನೋಡಿದೆ. ಗೆದ್ದದ್ದು ಗೋಡೆ ಕ್ಯಾಲೆಂಡರ್. ಮೊದಲೇ ಹೇಳಿಬಿಡುತ್ತೇನೆ.

ನಾನು ಕಾಸರಗೋಡಿನ ಕುಂಬಳೆ ಕಡೆಯವ, ಯಕ್ಷಗಾನ ಮೇಳದ ಮದ್ದಳೆಗಾರ. ತುಳುವಿನ ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ 24ರ ಆಸುಪಾಸು, ಪತ್ತನಾಜೆ. ಅಂದು ಮೇಳ ಗೆಜ್ಜೆ ಬಿಚ್ಚಿದರೆ ಮತ್ತೆ ತಿರುಗಾಟ ಶುರುವಾಗುವುದು ದೀಪಾವಳಿಯ ಹೊತ್ತಿಗೆ. ನಡುವೆ ಬರೀ ಮಳೆ. ಅಲ್ಲೊಂದು ಇಲ್ಲೊಂದು ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕೂತು ನಡೆಸುವ ಪ್ರಸಂಗ) ಬಿಟ್ಟರೆ ಇಂಥ ಹೊತ್ತಿಗೆ ಬಾ ಎನ್ನುವವರಿಲ್ಲ. ಅಭ್ಯಾಸ ಬಿಟ್ಟರೆ ಮೊದಲ ಆಟದಲ್ಲೇ ಗೊತ್ತಾಗುತ್ತದೆ.

ದುಡ್ಡು ಕೊಟ್ಟು ಒಂದು ಆ್ಯಪ್ ಹಾಕಿಸಿಕೊಂಡೆ. 25 ನಿಮಿಷ ಕೆಲಸ, 5 ನಿಮಿಷ ವಿರಾಮ. ಮಳೆಗೆ ಮದ್ದಳೆಯ ಚರ್ಮ ಇಳಿದಿರುತ್ತದೆ, ಶ್ರುತಿಗೆ ತರುವಷ್ಟರಲ್ಲೇ ಅರ್ಧ ಹೊತ್ತು ಹೋಯಿತು. ಝಂಪೆ ತಾಳದ ಬಿಡ್ತಿಗೆಯ ಪೆಟ್ಟು ಕೈಗೆ ಕೂತಿತು ಅನ್ನುವಾಗ ಗಂಟೆ ಹೊಡೆಯುತ್ತದೆ. ಹೋಗಲಿ, ಅದನ್ನು 50ಕ್ಕೆ ಏರಿಸಬಹುದು.

ಏನೂ ಮಾಡಲಾಗದ್ದು ಮಧ್ಯರಾತ್ರಿಯ ಲೆಕ್ಕ. ಆರು ತಿಂಗಳು ಬೆಳಗಿನವರೆಗೆ ರಂಗಸ್ಥಳದಲ್ಲಿ ಕೂತವನಿಗೆ ಹತ್ತಕ್ಕೆ ನಿದ್ದೆ ಬರುತ್ತದಾ? ನಾನು ಮದ್ದಳೆ ಎತ್ತುವುದೇ ಹನ್ನೊಂದೂವರೆಗೆ. ಮನೆ ತೋಟದ ನಡುವೆ, ಅಡಿಕೆ ಮರಗಳಿಗೇನೂ ತಕರಾರಿಲ್ಲ. ಆದರೆ 12 ಹೊಡೆದರೆ ಆ್ಯಪಿಗೆ ದಿನ ಮುಗಿಯಿತು. ಬುಧವಾರದ ಅಭ್ಯಾಸ ಗುರುವಾರದ ಖಾತೆಗೆ. ಬುಧವಾರ ಖಾಲಿ, ತಪ್ಪದ ದಿನಗಳ ಸಾಲು ತುಂಡಾಯಿತು, ಮತ್ತೆ ಸೊನ್ನೆಯಿಂದ. ಬೆಳಗ್ಗೆ ಎದ್ದರೆ 'ನಿನ್ನೆ ತಪ್ಪಿಸಿದಿರಿ' ಎಂಬ ಮೆಸೇಜು. ಇಲ್ಲಿ ಬೆರಳು ಇನ್ನೂ ಉರಿಯುತ್ತಿರುತ್ತದೆ! ದಿನ ಮುಗಿಯುವ ಹೊತ್ತು ಬದಲಿಸಲು ಸೆಟ್ಟಿಂಗ್ ಪೂರ್ತಿ ಜಾಲಾಡಿದೆ, ಇಲ್ಲ. ಅವರಿಗೆ ಬರೆದರೆ 'ಸ್ವಲ್ಪ ಬೇಗ ಶುರು ಮಾಡಿ' ಎಂದರು. ಮೇಳದ ಯಜಮಾನರಿಗೆ ಹೇಳಿ ನೋಡಿ ಸ್ವಾಮಿ.

ಗಂಟೆಗೊಂದು ಗೆರೆಯ ಡೈರಿಯಲ್ಲಿ ರಾತ್ರಿ 10ರ ನಂತರ ಗೆರೆಯೇ ಇಲ್ಲ. ಆಟಿ ತಿಂಗಳ ಮಳೆಯ ಥಂಡಿಗೆ ಬೂಷ್ಟೂ ಹಿಡಿಯಿತು.

ಕ್ಯಾಲೆಂಡರ್ ಸೊಸೈಟಿಯಲ್ಲಿ ಸುಮ್ನೆ ಸಿಕ್ಕಿದ್ದು. ಮಲಗುವ ಮೊದಲು ಆ ದಿನದ ಚೌಕದಲ್ಲಿ ಬಾರಿಸಿದ ತಾಳದ ಮೊದಲಕ್ಷರ ಬರೆಯುತ್ತೇನೆ: ಝ, ಅ, ತ್ರಿ. ಒಂದೂವರೆಗೆ ಬರೆದರೂ ಬುಧವಾರ ಬುಧವಾರವೇ. ಮೂರ್ನಾಲ್ಕು ಸಾಲು ಝ ಕಂಡರೆ ತ್ರಿವುಡೆಯಿಂದ ನುಣುಚಿಕೊಳ್ಳುತ್ತಿದ್ದೇನೆ ಎಂದು ಗೊತ್ತಾಗುತ್ತದೆ. ಎಷ್ಟು ನಿಮಿಷ ಎಂದಷ್ಟೇ ಎಣಿಸುವ ಆ್ಯಪ್ ಇದನ್ನು ಹೇಳಲಿಲ್ಲ. ಭಾನುವಾರದ ಚೌಕಗಳಿಗೆ ಕೆಂಪು ಸುತ್ತು, ಅಂದು ಮಕ್ಕಳು ಕಲಿಯಲು ಬರುತ್ತಾರೆ. ಅವರು ಜಗಲಿಯಲ್ಲಿ ಕೂತಿರುವಾಗ ಏಳದೆ ಇರಲಿಕ್ಕಾಗುತ್ತದಾ?

ಹಗಲು ಕೆಲಸ ಮಾಡುವವರಿಗೆ ಆ್ಯಪ್ ಸರಿಹೋಗಬಹುದು. ನನ್ನ ತಂಗಿ ಪಿಎಸ್‌ಸಿ ಪರೀಕ್ಷೆಗೆ ಅದನ್ನಿಟ್ಟುಕೊಂಡೇ ಓದುತ್ತಿದ್ದಾಳೆ, ಉಳಿದ ತಿಂಗಳ ಚಂದಾ ಅವಳಿಗೇ ಬಿಟ್ಟೆ. ಮಳೆಗಾಲದಲ್ಲಿ ಸಂಬಳವಿಲ್ಲದ ನಾನಂತೂ ಅದಕ್ಕೆ ಮತ್ತೆ ದುಡ್ಡು ಹಾಕುವುದಿಲ್ಲ.